ಇಪ್ಪತ್ತರ ಹರೆಯದಲ್ಲೇ ಅಜ್ಜಿಯಾದವಳು

ನೋಡಿ, ಮೊದಲು ಆ ಅವತಾರ ನೋಡಿ! ಬಣ್ಣ ಮಾಸಿದ ಹೂಹೂ ಗೌನು, ಹುಬ್ಬಿನವರೆಗೆ ಜೋತುಬಿದ್ದ ಟೋಪಿ, ಕಾಲಿಗೆ ದೊಗಳೆ ಬೂಟು, ಬಾಯಲ್ಲಿ ಹಲ್ಲೇ ಇಲ್ಲ. ಇನ್ನೂ ಒಂದು ಮಾತೂ ಆಡಿಲ್ಲ. ಸುಮ್ಮನೆ ಕಾಲೆಳೆದುಕೊಂಡು ಮೈಕಿನತ್ತ ಬರುತ್ತಿದ್ದಾಳೆ. ಅಷ್ಟಕ್ಕೇ ಸಭೆ ಬಿದ್ದು ಬಿದ್ದು ನಗುತ್ತಿದೆ.

ಎದುರಿಗೆ ಕೂತವರೆಲ್ಲ ಅವಳಿಗೆ ಮಕ್ಕಳೇ. ಮಕ್ಕಳೇ ಎಂದು ಕರೆದೇ ಕಥೆ ಶುರು. ಅಮೆರಿಕದ ದಕ್ಷಿಣದ ಯಾವುದೋ ಊರಲ್ಲಿ ಕಾರು ಓಡಿಸುತ್ತಾ ಕೆಂಪು ದೀಪ ದಾಟಿಬಿಟ್ಟಳಂತೆ. ಬಿಳಿಯ ಪೊಲೀಸ್ ಅಡ್ಡಗಟ್ಟಿದ. ಹಸಿರು ಬಂದಾಗೆಲ್ಲ ಬಿಳಿಯರೇ ಹೋಗುತ್ತಿದ್ದರಲ್ಲ ಸ್ವಾಮಿ, ಕೆಂಪು ನಮ್ಮವರಿಗಿರಬೇಕು ಅಂದುಕೊಂಡೆ ಎಂದಳಂತೆ! ಬಸ್ಸಿನ ಸೀಟು, ಕುಡಿಯುವ ನೀರಿನ ನಲ್ಲಿ, ಶಾಲೆ, ಎಲ್ಲದರಲ್ಲೂ ಕಪ್ಪು ಜನಕ್ಕೆ ಬೇರೆ, ಬಿಳಿಯರಿಗೆ ಬೇರೆ ಎಂದು ಕಾನೂನು ಮಾಡಿಟ್ಟಿದ್ದ ಸೀಮೆ ಅದು. ಆ ಕಾನೂನನ್ನೇ ಚಾಚೂ ತಪ್ಪದೆ ಪಾಲಿಸಿದೆನಲ್ಲ ಎಂದು ಏನೂ ಅರಿಯದವಳಂತೆ ನಿಂತಿದ್ದಾಳೆ ಅಜ್ಜಿ. ಇಡೀ ವರ್ಣಭೇದದ ವ್ಯವಸ್ಥೆ ಒಂದು ಟ್ರಾಫಿಕ್ ದೀಪದ ಕೆಳಗೆ ಬೆತ್ತಲೆ!

ಹೆಸರು ಮಾಮ್ಸ್ ಮೇಬ್ಲಿ. ಅಮೆರಿಕದ ಸ್ಟ್ಯಾಂಡ್ ಅಪ್ ಹಾಸ್ಯದ ಮಾತು ಬಂದಾಗ ಗಂಡಸರ ಹೆಸರುಗಳೇ ಸಾಲುಗಟ್ಟುತ್ತವೆ. ಅವರಲ್ಲಿ ಬಹುಪಾಲು ಮಂದಿ ಹುಟ್ಟುವ ಮೊದಲೇ ಈಕೆ ಒಂಟಿಯಾಗಿ ನಿಂತು ಸಭೆಗಳನ್ನು ನಗಿಸುತ್ತಿದ್ದಳು.

ಹುಟ್ಟಿದ್ದು 1894ರಲ್ಲಿ, ನಾರ್ತ್ ಕೆರೊಲಿನಾದ ಗುಡ್ಡಗಾಡಿನ ಪುಟ್ಟ ಊರು ಬ್ರೆವಾರ್ಡ್‌ನಲ್ಲಿ. ಆಗ ಅವಳು ಲೊರೆಟ್ಟಾ ಮೇರಿ ಏಕನ್. ಅಪ್ಪ ಊರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದವನು, ಜೊತೆಗೆ ಸ್ವಯಂಸೇವಕ ಅಗ್ನಿಶಾಮಕ. ಬೆಂಕಿ ಆರಿಸುವ ಬಂಡಿಯೇ ಸಿಡಿದು ಸತ್ತ. ಮುಂದೆ ಅಮ್ಮ ಕ್ರಿಸ್‌ಮಸ್ ದಿನ ಲಾರಿಗೆ ಸಿಕ್ಕಿ ತೀರಿಕೊಂಡಳು. ಇವೆರಡೇ ಆಗಿದ್ದರೆ ಹೇಗೋ. ಹದಿನೈದು ತುಂಬುವ ಮೊದಲೇ ಎರಡು ಸಲ ಅತ್ಯಾಚಾರ, ಎರಡೂ ಸಲ ಬಸುರಿ. ಹೆತ್ತ ಕೂಸುಗಳನ್ನು ಬೇರೆಯವರ ಮಡಿಲಿಗೆ ಹಾಕಿದ್ದಾಯಿತು. ಮಲತಂದೆ ಹಟ ಹಿಡಿದು ಅವಳನ್ನು ಮುದುಕನೊಬ್ಬನಿಗೆ ಕಟ್ಟಿದ ಎಂದೂ ಅವಳ ಕಥೆ ಬರೆದವರು ಹೇಳುತ್ತಾರೆ.

ಹೋಗು, ನಿನ್ನ ದಾರಿ ನೀನು ನೋಡಿಕೋ ಎಂದು ಧೈರ್ಯ ತುಂಬಿದವಳು ಅಜ್ಜಿ. ಹುಡುಗಿ ಹದಿಹರೆಯದಲ್ಲೇ ಊರು ಬಿಟ್ಟು, ಊರಿಂದೂರಿಗೆ ಕ್ಯಾಂಪು ಹಾಕುವ ನಮ್ಮ ನಾಟಕ ಕಂಪನಿಯಂಥದ್ದೇ ಒಂದು ತಿರುಗಾಟದ ತಂಡ ಸೇರಿದಳು. ಮನೆತನದ ಹೆಸರು ಹಾಳಾಗುತ್ತದೆ ಎಂದು ಅಣ್ಣ ಗೊಣಗಿದ. ಆಗ ಜ್ಯಾಕ್ ಮೇಬ್ಲಿ ಎಂಬ ಗೆಳೆಯನ ಹೆಸರನ್ನೇ ಎತ್ತಿಕೊಂಡಳು. ಅವನು ನನ್ನಿಂದ ಏನೇನೋ ಕಿತ್ತುಕೊಂಡ, ನಾನು ಹೆಸರಾದರೂ ತೆಗೆದುಕೊಳ್ಳಬಾರದೇ ಎಂಬುದು ಅವಳ ವಾದ!

ಕಪ್ಪು ಪ್ರೇಕ್ಷಕರಿಗೆಂದೇ ಇದ್ದ ಥಿಯೇಟರುಗಳ ಆ ಸುತ್ತಾಟಕ್ಕೆ ಚಿಟ್ಲಿನ್ ಸರ್ಕ್ಯೂಟ್ ಎಂದು ಹೆಸರು. ಬಿಳಿಯರ ಹೋಟೆಲಿನಲ್ಲಿ ಮಲಗುವಂತಿಲ್ಲ, ಅವರ ಮೇಜಿನಲ್ಲಿ ಉಣ್ಣುವಂತಿಲ್ಲ. 1921ರಲ್ಲಿ ಬಟರ್‌ಬೀನ್ಸ್ ಮತ್ತು ಸೂಸಿ ಎಂಬ ಗಂಡ ಹೆಂಡಿರ ಜೋಡಿ ಇವಳ ಆಟ ನೋಡಿ, ಕೈಹಿಡಿದು ನ್ಯೂಯಾರ್ಕಿನ ದಾರಿ ತೋರಿಸಿತು. 1931ರ ಬ್ರಾಡ್‌ವೇ ಪ್ರದರ್ಶನವೊಂದರಲ್ಲಿ ಈಕೆಯ ಜೊತೆಗಾತಿ ಯಾರು ಗೊತ್ತೇ? ಕಾದಂಬರಿಕಾರ್ತಿ ಜೋರಾ ನೀಲ್ ಹರ್ಸ್ಟನ್! 1939ರಲ್ಲಿ ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ ಒಂಟಿಯಾಗಿ ನಿಂತ ಮೊದಲ ಹಾಸ್ಯಗಾರ್ತಿ ಈಕೆಯೇ. ಉಚ್ಛ್ರಾಯದ ದಿನಗಳಲ್ಲಿ ಅಲ್ಲಿ ವಾರಕ್ಕೆ 10,000 ಡಾಲರ್ ಎಣಿಸುತ್ತಿದ್ದಳಂತೆ.

ನನ್ನನ್ನು ಬೆರಗುಗೊಳಿಸಿದ್ದು ಈ ದುಡ್ಡಲ್ಲ, ಆ ವೇಷ. ಮುದುಕಿಯಾಗಿ ರಂಗಕ್ಕೆ ಬರತೊಡಗಿದಾಗ ಆಕೆಗಿನ್ನೂ ಇಪ್ಪತ್ತು ಚಿಲ್ಲರೆ ಪ್ರಾಯ! ಮಾದರಿ ಸ್ವಂತ ಅಜ್ಜಿ. ಎಂಥ ಉಪಾಯ ನೋಡಿ. ಹರೆಯದ ಕಪ್ಪು ಹೆಂಗಸೊಬ್ಬಳು ವೇದಿಕೆಯಲ್ಲಿ ನಿಂತು ಬಿಳಿಯ ಪೊಲೀಸನನ್ನು ಗೇಲಿ ಮಾಡಿದ್ದರೆ, ತನ್ನ ಆಸೆಗಳ ಬಗ್ಗೆ ಬಾಯಿ ಬಿಟ್ಟಿದ್ದರೆ ಸುಮ್ಮನೆ ಬಿಡುತ್ತಿದ್ದರೇ? ಬೊಚ್ಚುಬಾಯಿ ಅಜ್ಜಿಯ ಮೇಲೆ ಯಾರು ಕೈಯೆತ್ತುತ್ತಾರೆ! ಆ ಟೋಪಿಯ ಮರೆಯಲ್ಲಿ ನಿಂತು ಆಕೆ ಅಮೆರಿಕದ ಅಧ್ಯಕ್ಷರಿಗೂ ಬುದ್ಧಿ ಹೇಳಿದಳು. ಮುದುಕರನ್ನಂತೂ ದಶಕಗಟ್ಟಲೆ ಬಿಡದೆ ಅರೆದಳು. ಮುದುಕನಿಂದ ತನಗೆ ಇರುವ ಉಪಯೋಗ ಒಂದೇ, ಅದೂ ಅವನು ಯಾವುದಾದರೂ ಹುಡುಗನ ಸಂದೇಶ ಹೊತ್ತು ತಂದರೆ ಮಾತ್ರ ಎಂಬುದು ಅವಳ ಕಾಯಂ ವರಸೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಬ್ರೆವಾರ್ಡ್‌ನ ಆ ಹುಡುಗಿಯ ಕಥೆ ತಿಳಿದ ಮೇಲೆ ಅದೇ ಮಾತು ಕೇಳಿ, ನಗುವಿನ ಒಳಗಿನ ಹಲ್ಲು ಕಾಣುತ್ತದೆ.

ಪರದೆ ಬಿದ್ದ ಮೇಲೆ? ಗೌನು ಕಳಚಿ, ಅಳತೆಗೆ ಹೊಲಿಸಿದ ಗಂಡಸರ ಸೂಟು, ರೇಷ್ಮೆ ಅಂಗಿ ತೊಟ್ಟು ಇಸ್ಪೀಟಿಗೆ ಕೂರುತ್ತಿದ್ದಳು. ಆಕೆ ಮೆಚ್ಚಿ ಬಾಳಿದ್ದು ಹೆಂಗಸರೊಂದಿಗೆ. ಜೊತೆಯ ಕಲಾವಿದರಿಗೆ ಇದು ಗುಟ್ಟೇನೂ ಆಗಿರಲಿಲ್ಲ. ರಂಗದ ಮೇಲೆ ಹುಡುಗರಿಗಾಗಿ ಹಲುಬುತ್ತಿದ್ದ ಅಜ್ಜಿಯೂ ವೇಷವೇ!

ಬಿಳಿಯ ಅಮೆರಿಕಕ್ಕೆ ಈಕೆ ಕಂಡದ್ದು ತೀರ ತಡವಾಗಿ. ಆ ಹೊತ್ತಿಗೆ ವೇಷಕ್ಕೆ ಬಣ್ಣವೇ ಬೇಕಿರಲಿಲ್ಲ, ವಯಸ್ಸೇ ಬಂದು ಸೇರಿಕೊಂಡಿತ್ತು. 1962ರಲ್ಲಿ ಕಾರ್ನೆಗಿ ಹಾಲ್, 1967ರಲ್ಲಿ ಟೆಲಿವಿಷನ್. 1969ರಲ್ಲಂತೂ, ಲಿಂಕನ್, ಕಿಂಗ್, ಕೆನಡಿಯರ ಕೊಲೆಗಳನ್ನು ನೆನೆದು ಮರುಗುವ ಹಾಡೊಂದನ್ನು ನಗೆಚಟಾಕಿಯ ಸುಳಿವೂ ಇಲ್ಲದೆ ಹಾಡಿದಳು. 75ರ ಹಾಸ್ಯಗಾರ್ತಿಯ ಆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 35ನೇ ಸ್ಥಾನಕ್ಕೆ ಏರಿತು! 1974ರ ‘ಅಮೇಜಿಂಗ್ ಗ್ರೇಸ್’ ಚಿತ್ರದ ನಡುವೆ ಹೃದಯಾಘಾತವಾಯಿತು. ಪೇಸ್‌ಮೇಕರ್ ಹಾಕಿಸಿಕೊಂಡು ಬಂದು ಚಿತ್ರೀಕರಣ ಮುಗಿಸಿಕೊಟ್ಟಳು. ಮರುವರ್ಷ ತೀರಿಕೊಂಡಳು.

ಕೊನೆಗೊಂದು ಟೆಲಿವಿಷನ್ ಪ್ರಸಂಗ. ಎಡ್ ಸಲಿವನ್ ಶೋ ಎಂದರೆ ಆ ಕಾಲದ ಕಲಾವಿದರೆಲ್ಲ ಹಾತೊರೆಯುತ್ತಿದ್ದ ಜಾಗ. ಅಲ್ಲಿಂದ ಮೊದಲು ಕರೆ ಬಂದಾಗ ನಾಲ್ಕೇ ನಿಮಿಷ ಕೊಡುತ್ತೇವೆ ಎಂದರಂತೆ. ನಾಲ್ಕು ನಿಮಿಷ ಈ ಮುದುಕಿಗೆ ವೇದಿಕೆಯ ನಡುವಿಗೆ ಬರುವುದಕ್ಕೇ ಬೇಕು ಎಂದು ಹೇಳಿ ಕಳಿಸಿದಳಂತೆ. 1969ರಲ್ಲಿ ಕೊನೆಗೂ ಆ ವೇದಿಕೆ ಹತ್ತಿದಳು.