ಹಳೆಯ ಕಾರಿನಲ್ಲಿ ದೂರ ಪ್ರಯಾಣ: ಹೊರಡುವ ಮೊದಲು ಗಮನಿಸಬೇಕಾದ ಸಂಗತಿಗಳು

ಕಲಬುರಗಿ ಜಿಲ್ಲೆಯ ಕೆಲವು ವ್ಯಾಪಾರಿ ಮನೆತನಗಳಲ್ಲಿ ತಂದೆಯ ಅಥವಾ ಅಜ್ಜನ ಕಾಲದ ಅಂಬಾಸಿಡರ್, ಪದ್ಮಿನಿ ಕಾರುಗಳು ಇನ್ನೂ ಉಳಿದುಕೊಂಡಿವೆ. ಅಡತಿ ಅಂಗಡಿಯ ಹಿಂದೆ ತಾಡಪತ್ರಿಯ ಕೆಳಗೆ ನಿಂತಿರುವ ಇಂಥದೊಂದು ಕಾರನ್ನು ದುರಸ್ತಿ ಮಾಡಿಸಿ, ಘತ್ತರಗಿಯ ಭಾಗ್ಯವಂತಿ ದೇವಿಯ ಸನ್ನಿಧಿಯಲ್ಲಿ ಪೂಜೆ ಸಲ್ಲಿಸಿ, ಕನ್ಯಾಕುಮಾರಿಗೋ ಕಾಶಿಗೋ ಹೊರಡಬೇಕೆಂಬ ಆಸೆ ಅಸಾಧ್ಯವಾದುದೇನಲ್ಲ. 2023ರಲ್ಲಿ ಅಹಮದಾಬಾದಿನ ಕುಟುಂಬವೊಂದು 1950ರ ಎಂ.ಜಿ. ವೈ.ಟಿ. ಕಾರಿನಲ್ಲಿ ದುಬೈ, ಇರಾನ್, ತುರ್ಕಿಗಳ ಮಾರ್ಗವಾಗಿ ಇಂಗ್ಲೆಂಡಿನ ಅಬಿಂಗ್ಡನ್ ಪಟ್ಟಣವನ್ನು ತಲುಪಿತು. ಆ ಕಾರು ತಯಾರಾದ ಊರೇ ಅದು. ಆದರೆ ಹಳೆಯ ಕಾರಿನ ಒಡೆಯರು ಎಡವುವುದು ಬಹುಮಟ್ಟಿಗೆ ಎಂಜಿನ್ನಿನಲ್ಲಲ್ಲ, ಕಾಗದಪತ್ರಗಳಲ್ಲಿ.

ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಮಾಡಿದ ತಿದ್ದುಪಡಿಯು 'ವಿಂಟೇಜ್' ವಾಹನವೆಂಬ ಪ್ರತ್ಯೇಕ ವರ್ಗವನ್ನು ಸೃಷ್ಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ರೂಪದಲ್ಲಿ ದೊಡ್ಡ ಬದಲಾವಣೆ ಕಾಣದ ದ್ವಿಚಕ್ರ ಹಾಗೂ ಚತುಶ್ಚಕ್ರ ವಾಹನಗಳು ಈ ವರ್ಗಕ್ಕೆ ಸೇರುತ್ತವೆ. ಹೊಸ ನೋಂದಣಿಗೆ ನಿಗದಿಯಾದ ಶುಲ್ಕ 20,000 ರೂ., ಅವಧಿ 10 ವರ್ಷ, ನವೀಕರಣಕ್ಕೆ 5,000 ರೂ. ಈಗಾಗಲೇ ನೋಂದಣಿಯಾಗಿರುವ ವಾಹನವು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಾಯಿಸುವ ವಾಹನಕ್ಕೆ ರಾಜ್ಯದ ಸಂಕೇತದ ನಂತರ 'ವಿಎ' ಎಂಬ ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ.

ಕೇಳಲು ಗೌರವದ ವಿಷಯ. ಆದರೆ ಅದರೊಂದಿಗೆ ಬರುವ ನಿರ್ಬಂಧವನ್ನು ಹಲವರು ಓದುವುದಿಲ್ಲ. ಈ ವರ್ಗದ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ಭರ್ತಿ ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗೆ ಇಳಿಸಬಹುದು. ದಿನನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಅವಕಾಶವಿಲ್ಲ. ಕುಟುಂಬ ಸಮೇತ 2,000 ಕಿ.ಮೀ. ಯಾತ್ರೆ ಹೋಗುವುದು, ಹಾದಿಯಲ್ಲಿ ಗಿರಾಕಿಗಳನ್ನು ಕಂಡು ತೊಗರಿಬೇಳೆಯ ಮಾದರಿ ತೋರಿಸುವುದು ಈ ಪಟ್ಟಿಯಲ್ಲಿಲ್ಲ. ಅಪಘಾತವಾದಲ್ಲಿ ವಿಮಾ ಕಂಪನಿಯು ಮೊದಲು ಕೇಳುವ ಪ್ರಶ್ನೆ, ವಾಹನ ಯಾವ ಉದ್ದೇಶಕ್ಕೆ ರಸ್ತೆಯಲ್ಲಿತ್ತು ಎಂಬುದೇ.

ಆದ್ದರಿಂದ ನಿಜವಾಗಿ ಓಡಿಸಬೇಕೆನ್ನುವವರಿಗೆ ಸಾಮಾನ್ಯ ನೋಂದಣಿಯ ನವೀಕರಣವೇ ಮೇಲು. ಖಾಸಗಿ ಕಾರಿಗೆ ಮೊದಲ 15 ವರ್ಷಗಳ ನಂತರ ಅರ್ಹತಾ ಪರೀಕ್ಷೆಗೆ ಒಳಪಟ್ಟು 5 ವರ್ಷಗಳಿಗೊಮ್ಮೆ ನವೀಕರಣ ಪಡೆಯಬೇಕು. 600 ರೂ. ಇದ್ದ ಈ ಶುಲ್ಕವು 2022ರ ಏಪ್ರಿಲ್ 1ರಿಂದ 5,000 ರೂ. ಆಯಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂ.ಗೆ ಏರಿತು. ಹಸಿರು ತೆರಿಗೆ ಬೇರೆ. ಹಳೆಯ ಪುಸ್ತಕ ರೂಪದ ಆರ್.ಸಿ. ಹೊಂದಿರುವವರು ಅದರ ವಿವರ 'ವಾಹನ್' ಗಣಕದಲ್ಲಿ ದಾಖಲಾಗಿದೆಯೇ ಎಂದು ಆರ್.ಟಿ.ಒ. ಕಚೇರಿಯಲ್ಲಿ ಮುಂಚಿತವಾಗಿ ವಿಚಾರಿಸಬೇಕು. ಇಲ್ಲವಾದಲ್ಲಿ ಫಾಸ್ಟ್ಯಾಗ್ ಪಡೆಯುವುದೂ ತೊಡಕಾದೀತು. ಕಾಶಿಗೆ ಹೋಗುವವರು ದೆಹಲಿ ವಲಯವನ್ನು ದೂರವಿಡುವುದು ಕ್ಷೇಮ. 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ಅಲ್ಲಿ ನ್ಯಾಯಾಲಯದ ನಿರ್ಬಂಧವಿದ್ದು, ಅದರ ಸ್ವರೂಪ ಆಗಾಗ ಬದಲಾಗಿದೆ.

ಇನ್ನು ಇಂಧನದ ಮಾತು. ಸೀಸಯುಕ್ತ ಪೆಟ್ರೋಲ್ 2000ದಲ್ಲಿ ದೇಶದಲ್ಲಿ ನಿಂತುಹೋಯಿತು. ವಾಲ್ವ್ ಸೀಟುಗಳ ಸವಕಳಿಯನ್ನು ತಡೆಯುತ್ತಿದ್ದುದು ಆ ಸೀಸವೇ. ಎಂಜಿನ್ ಬಿಚ್ಚಿಸುವವರು ಗಟ್ಟಿ ಲೋಹದ ಸೀಟುಗಳನ್ನು ಅದೇ ವೇಳೆ ಕೂರಿಸುವುದು ಲೇಸು. ಈಗಿನ ಸಮಸ್ಯೆ ಎಥೆನಾಲ್. 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಅದರ ಪ್ರಮಾಣ ಶೇ. 20ಕ್ಕೆ ತಲುಪಿತು. ಅಫಜಲಪುರ ತಾಲ್ಲೂಕಿನ ಕಬ್ಬು ಬೆಳೆಗಾರರಿಗೆ ಇದು ಶುಭ ಸುದ್ದಿಯಾದರೂ ಹಳೆಯ ಕಾರಿನ ರಬ್ಬರಿಗೆ ಅಲ್ಲ. ಎಥೆನಾಲ್ ಹಳೆಯ ಪೈಪುಗಳನ್ನೂ ಪೆಟ್ರೋಲ್ ಪಂಪಿನ ಡಯಾಫ್ರಮನ್ನೂ ಉಬ್ಬಿಸಿ ಸೀಳಿಸುತ್ತದೆ; ತೇವವನ್ನು ಹೀರುತ್ತದೆ; ಟ್ಯಾಂಕಿನ ತಳದಲ್ಲಿ ದಶಕಗಳಿಂದ ಅಂಟಿದ ತುಕ್ಕು, ಕಿಟ್ಟವನ್ನು ಸಡಿಲಿಸಿ ಕಾರ್ಬೊರೇಟರಿನ ಜೆಟ್‌ಗೆ ತುರುಕುತ್ತದೆ. ಸೋರಿದ ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಬೆಂಕಿಯೇ. ಆದಕಾರಣ ಟ್ಯಾಂಕನ್ನು ಇಳಿಸಿ ತೊಳೆಸುವುದು, ವಿಟಾನ್ ರಬ್ಬರಿನ ಪೈಪು ಹಾಕಿಸುವುದು, ಎರಡು ಫಿಲ್ಟರು ಕೂರಿಸುವುದು ಯಾತ್ರೆಯ ಮೊದಲ ಖರ್ಚಾಗಬೇಕು. ಬಣ್ಣ, ಕ್ರೋಮ್ ಲೇಪನಗಳ ಸರದಿ ಆನಂತರದ್ದು.

ಎಂಜಿನ್ ತೀರ ಕಾದಾಗ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪಿಗೆ ಎಳೆಯಲು ಏನೂ ಸಿಗದೆ ಕಾರು ನಿಲ್ಲುತ್ತದೆ. ನಮ್ಮ ಕಡೆಯ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಇದು ಸಾಮಾನ್ಯ. ಒದ್ದೆ ಬಟ್ಟೆ ಸುತ್ತಿ ಅರ್ಧ ಗಂಟೆ ಕಾಯುವ ಹಳೆಯ ಚಾಲಕರ ಉಪಾಯ ಈಗಲೂ ಸರಿಯೇ. ನವೆಂಬರ್‌ನಿಂದ ಜನವರಿಯವರೆಗಿನ ಕಾಲ ಪ್ರಯಾಣಕ್ಕೆ ಪ್ರಶಸ್ತ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುವ ಕಾರು ಘಾಟಿ ಇಳಿಯುವಾಗ ಬ್ರೇಕನ್ನೇ ನೆಚ್ಚಬಾರದು, ಹತ್ತಿದ ಗೇರಿನಲ್ಲೇ ಇಳಿಯಬೇಕು. ಡೈನಮೋ ಇರುವ ಕಾರಿನ ದೀಪ ರಾತ್ರಿಯ ಹೆದ್ದಾರಿಗೆ ಸಾಲದು.

ಘತ್ತರಗಿಯಿಂದ ಭೀಮಾ ನದಿ ದಾಟಿ ಜೇವರ್ಗಿ ಸೇರಿದರೆ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ವಿಜಯಪುರ, ಹೊಸಪೇಟೆ ಮಾರ್ಗವಾಗಿ ಚಿತ್ರದುರ್ಗಕ್ಕೆ ಹೋಗಿ ಹೆದ್ದಾರಿ 48ನ್ನು ಕೂಡಬಹುದು. ಉತ್ತರಕ್ಕೆ ಹೋಗುವವರು ಕಲಬುರಗಿ, ಹುಮನಾಬಾದ್ ಮೂಲಕ ಹೈದರಾಬಾದ್ ತಲುಪಿ ಹೆದ್ದಾರಿ 44ನ್ನು ಹಿಡಿಯಬೇಕು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟಾಗ ಭೀಮೆ ಉಕ್ಕುತ್ತದೆ. 2020ರ ಅಕ್ಟೋಬರ್ ಪ್ರವಾಹವನ್ನು ಈ ಭಾಗದವರು ಮರೆತಿಲ್ಲ. ಮಳೆಗಾಲದಲ್ಲಿ ಹೊರಡುವವರು ಸೇತುವೆಯ ಸ್ಥಿತಿಯನ್ನು ಕೇಳಿಕೊಂಡೇ ಹೊರಡಬೇಕು.

ಬಿಡಿಭಾಗಗಳ ವಿಷಯದಲ್ಲಿ ವಾಣಿಜ್ಯದ ಸಾಧ್ಯತೆಯೂ ಅಡಗಿದೆ. ಪದ್ಮಿನಿ ತಯಾರಿಕೆ ಈ ಶತಮಾನದ ಆರಂಭದಲ್ಲಿ ನಿಂತಿತು. ಉತ್ತರಪಾಡಾದ ಅಂಬಾಸಿಡರ್ ಕಾರ್ಖಾನೆ 2014ರ ಮೇ ತಿಂಗಳಲ್ಲಿ ಮುಚ್ಚಿತು. ಬೆಂಗಳೂರಿನ ಜೆ.ಸಿ. ರಸ್ತೆ, ಕೋಲ್ಕತ್ತದ ಮಲ್ಲಿಕ್ ಬಜಾರ್, ದೆಹಲಿಯ ಕಾಶ್ಮೀರಿ ಗೇಟ್‌ಗಳಲ್ಲಿ ಹಳೆಯ ದಾಸ್ತಾನು ಹುಡುಕಬಹುದಾದರೂ, ಅಂಗಡಿಯಲ್ಲಿ 15 ವರ್ಷ ಬಿದ್ದ ರಬ್ಬರ್ ಸಾಮಾನು ಹೊಸದಾಗಿ ಕಂಡರೂ ಹೊಸದಲ್ಲ. ಬುಷ್, ಗ್ಯಾಸ್ಕೆಟ್, ಹೋಸ್, ವಾಲ್ವ್ ಸೀಟುಗಳನ್ನು ಮಾದರಿ ನೋಡಿ ಸಣ್ಣ ಪ್ರಮಾಣದಲ್ಲಿ ತಯಾರಿಸುವುದು ಕಪನೂರು ಕೈಗಾರಿಕಾ ಪ್ರದೇಶದಂಥ ಕಡೆಗಳ ಲೇತ್ ಮತ್ತು ಮೋಲ್ಡಿಂಗ್ ಘಟಕಗಳಿಗೆ ಅಸಾಧ್ಯವಲ್ಲ. ಗಿರಾಕಿಗಳು ಕಡಿಮೆ, ಆದರೆ ಅವರು ಬೆಲೆಗಿಂತ ಅಳತೆಯ ನಿಖರತೆಯನ್ನು ಕೇಳುವವರು. ಧರ್ಮಸ್ಥಳದ ಮಂಜೂಷಾ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಮುಂತಾದ ಸಂಗ್ರಹಾಲಯಗಳು ಹಾಗೂ ಬೆಂಗಳೂರಿನ ಕಾರು ಸಂಗ್ರಾಹಕರು ಅಂಥ ಗಿರಾಕಿಗಳಾಗಬಲ್ಲರು.