ಗಾಲಿಯೊಳಗಿನ ಗುಡುಗು

ಕುಷ್ಟಗಿಯಿಂದ ಕೊಪ್ಪಳಕ್ಕೆ ಹಿಂದಿರುಗುತ್ತಿದ್ದಾಗ ನಮ್ಮ ಕಾಲೇಜಿನ ವ್ಯಾನಿನ ಮುಂಭಾಗದಲ್ಲಿ ಗುಡುಗುಡು ಶಬ್ದವೊಂದು ಕೇಳತೊಡಗಿತು. ಎಂಜಿನಿನ ಬಲವನ್ನು ನಾಲ್ಕು ಗಾಲಿಗಳಿಗೂ ಒದಗಿಸಬಲ್ಲ ವಾಹನವದು. ಯಲಬುರ್ಗಾ ಕಡೆಯ ಎರೆಮಣ್ಣಿನಲ್ಲಿಯೂ ಗಂಗಾವತಿಯ ಗದ್ದೆಬಯಲಿನ ಕೆಸರಿನಲ್ಲಿಯೂ ಸಿಕ್ಕಿಬೀಳದೆ ನಡೆಯಲೆಂದು ಕೊಂಡುದು. ಎರಡು ದಿನಗಳ ತರುವಾಯ ಅದರಲ್ಲಿಯೇ ವಿದ್ಯಾರ್ಥಿಗಳನ್ನು ಆನೆಗೊಂದಿಗೆ ಕರೆದೊಯ್ಯಬೇಕಾಗಿದ್ದಿತು. ಗ್ಯಾರೇಜೊಂದರಲ್ಲಿ ವಿಚಾರಿಸಲು, ಮುಂದಿನ ಡಿಫರೆನ್ಷಿಯಲ್ ಕೆಟ್ಟಿದೆ, ಇಡಿಯಾಗಿ ಬದಲಿಸಬೇಕು ಎಂಬ ಉತ್ತರ ದೊರೆಯಿತು. ತಗಲುವ ವೆಚ್ಚವನ್ನು ಕೇಳಿದ ಮೇಲೆ, ಬಿಚ್ಚುವುದಕ್ಕೆ ಮೊದಲು ಶಬ್ದವನ್ನೇ ಪರೀಕ್ಷಿಸೋಣವೆಂದು ನಿಶ್ಚಯಿಸಿದೆವು.

ವಾಹನದ ಭಾಗಗಳೆಲ್ಲ ಒಂದೇ ವೇಗದಲ್ಲಿ ತಿರುಗುವುದಿಲ್ಲವಷ್ಟೆ. ನಮ್ಮ ವ್ಯಾನಿನ ಗಾಲಿಯ ವ್ಯಾಸ ಸುಮಾರು 70 ಸೆಂಟಿಮೀಟರು. ಒಂದು ಸುತ್ತಿಗೆ ಅದು 2.2 ಮೀಟರು ಸಾಗುತ್ತದೆ. ಗಂಟೆಗೆ 40 ಕಿಲೋಮೀಟರು ಎಂದರೆ ಸೆಕೆಂಡಿಗೆ 11 ಮೀಟರು. ಆಗ ಗಾಲಿ ಸೆಕೆಂಡಿಗೆ 5 ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ಲಿನ ಹಲ್ಲುಗಳ ಪ್ರಮಾಣ ನಾಲ್ಕಕ್ಕೆ ಒಂದೆಂದು ಎಣಿಸಿದರೆ, ಅದಕ್ಕೆ ಬಲವನ್ನು ತರುವ ಪ್ರೊಪೆಲರ್ ಷಾಫ್ಟಿಗೆ 20 ಸುತ್ತುಗಳಾಗುತ್ತವೆ. ನಿಮಿಷಕ್ಕೆ 2000 ಸುತ್ತು ತಿರುಗುವ ಎಂಜಿನಿನದಾದರೋ ಸೆಕೆಂಡಿಗೆ 33.

ಯಲಬುರ್ಗಾ ರಸ್ತೆಯಲ್ಲಿ ಜನಸಂಚಾರವಿಲ್ಲದ ಸಮತಟ್ಟಾದ ಒಂದೆಡೆ ಗೇರನ್ನು ನ್ಯೂಟ್ರಲಿಗೆ ತಂದೆವು. ಎಂಜಿನಿನ ವೇಗ ಕುಗ್ಗಿತು, ಗುಡುಗು ಕುಗ್ಗಲಿಲ್ಲ. ಎಂಜಿನು ನಿರಪರಾಧಿಯೆಂದಾಯಿತು. ಅನಂತರ ಇಳಿದು, ಮುಂದಿನ ಎರಡು ಗಾಲಿಗಳ ಗುಂಭದಲ್ಲಿರುವ ಬಿರಡೆಗಳನ್ನು ಕೈಯಿಂದ ತಿರುಗಿಸಿ ಬಿಡಿಸಿದೆವು. ಹೀಗೆ ಮಾಡಿದರೆ ಗಾಲಿಗಳು ಮಾತ್ರ ತಿರುಗಿ, ಮುಂದಿನ ಷಾಫ್ಟೂ ಡಿಫರೆನ್ಷಿಯಲ್ಲೂ ಸುಮ್ಮನಿರುತ್ತವೆ. (ಈ ಸೌಕರ್ಯ ಎಲ್ಲ ವಾಹನಗಳಲ್ಲಿಯೂ ಇಲ್ಲ.) ಶಬ್ದ ಹಾಗೆಯೇ ಉಳಿಯಿತು! ಗ್ಯಾರೇಜಿನವರ ತೀರ್ಪು ಅಲ್ಲಿಗೆ ಬಿದ್ದುಹೋಯಿತು.

ಉಳಿದುವು ಟಯರು ಮತ್ತು ಬೇರಿಂಗು. ಟಯರಿನ ಶಬ್ದವು ಡಾಂಬರಿನಿಂದ ಮಣ್ಣಿನ ದಾರಿಗಿಳಿದೊಡನೆ ಬದಲಾಗಬೇಕು, ಇದು ಬದಲಾಗಲಿಲ್ಲ. ಆದರೆ ಬಲಕ್ಕೆ ತಿರುಗಿದಾಗ ಹೆಚ್ಚಿತು, ಎಡಕ್ಕೆ ತಿರುಗಿದಾಗ ತಗ್ಗಿತು. ಬಲಕ್ಕೆ ತಿರುಗುವ ವಾಹನದ ಭಾರ ಎಡಗಾಲಿಗಳ ಮೇಲೆ ವಾಲುವುದೆಂಬುದನ್ನು ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದ ವಾಚಕರಿಗೆ ಹೇಳಬೇಕಾಗಿಲ್ಲ. ಸಂಶಯವು ಮುಂದಿನ ಎಡಗಾಲಿಯ ಮೇಲೆ ನಿಂತಿತು.

ಜಾಕಿಯಿಂದ ಆ ಗಾಲಿಯನ್ನೆತ್ತಿ, ಬಿದಿರುಕೋಲಿನ ಒಂದು ತುದಿಯನ್ನು ಅಚ್ಚಿನ ಬುಡಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿ, ಸಹೋದ್ಯೋಗಿಯೊಬ್ಬರಿಂದ ಗಾಲಿಯನ್ನು ತಿರುಗಿಸಿಸಿದೆವು. ಕೋಲಿಲ್ಲದೆ ಏನೂ ಕೇಳದಿದ್ದಲ್ಲಿ ಈಗ ಬೀಸುವ ಕಲ್ಲಿನಂತಹ ಗರಗರ ಸ್ಪಷ್ಟವಾಗಿ ಕೇಳಿತು. ಲೋಹದಲ್ಲಿ ಹರಿಯುವ ಕಂಪನದ ಬಹುಭಾಗ ಗಾಳಿಯ ಅಂಚಿನಿಂದ ಪ್ರತಿಫಲಿಸಿ ಹಿಂದಿರುಗುತ್ತದೆ. ಕೋಲು ಆ ಅಂಚನ್ನು ತಪ್ಪಿಸಿ ಕಂಪನವನ್ನು ನೇರವಾಗಿ ಕಿವಿಗೆ ಮುಟ್ಟಿಸುತ್ತದೆ. 1816ರಲ್ಲಿ ಪ್ಯಾರಿಸಿನ ವೈದ್ಯ ಲೆನೆಕ್ ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗಿಟ್ಟು ಕೇಳಿದುದೂ ಇಂತಹದೇ ಯುಕ್ತಿ.

ಮರುದಿನ ಬೇರೊಬ್ಬ ಮಿಸ್ತ್ರಿಯ ಕೈಯಲ್ಲಿ ಗಾಲಿಯನ್ನು ಬಿಚ್ಚಿಸಿದೆವು. ಹೊರಗಿನ ನೀರನ್ನು ತಡೆಯಬೇಕಾದ ಸೀಲು ಹರಿದು, ಗ್ರೀಸು ಕೆಸರಿನೊಡನೆ ಕಲೆತು ಕಂದಿದ್ದಿತು. ಕಾಲುವೆಯ ಕೆಳಗಿನ ಗದ್ದೆದಾರಿಗಳಲ್ಲಿ ವ್ಯಾನು ಎಷ್ಟು ಸಲ ಗುಂಭದವರೆಗೆ ಮುಳುಗಿ ಎದ್ದಿದ್ದಿತೋ! ಬೇರಿಂಗಿನ ಒಳಬಳೆಯ ಕೆಳಭಾಗದಲ್ಲಿ, ಭಾರವೆಲ್ಲ ಕೂಡುವ ಕಡೆಯಲ್ಲಿಯೇ, ಉಕ್ಕು ಚಕ್ಕೆಯೆದ್ದು ಸಣ್ಣ ಕುಳಿಗಳಾಗಿದ್ದುವು. ಒಳಬಳೆ ಅಲುಗದೆ ನಿಂತಿರುತ್ತದೆ, ಉರುಳೆಗಳು ಅದರ ಸುತ್ತ ಓಡುತ್ತವೆ. ಎಣಿಸಿದಾಗ ಅವು 16 ಇದ್ದುವು. ಗಾಲಿಯ ಒಂದು ಸುತ್ತಿಗೆ ಸುಮಾರು 9 ಉರುಳೆಗಳು ಕುಳಿಯೊಂದನ್ನು ದಾಟುತ್ತವೆ. ಸೆಕೆಂಡಿಗೆ 5 ಸುತ್ತಾದರೆ 45 ಪೆಟ್ಟುಗಳು. ನಮ್ಮ ಕಿವಿಗೆ ಸೆಕೆಂಡಿಗೆ 20ಕ್ಕಿಂತ ಕಡಮೆಯಾದ ಕಂಪನಗಳು ಸ್ವರವಾಗಿ ಕೇಳುವುದಿಲ್ಲ. 45 ಕೇಳುತ್ತದೆ, ಗುಡುಗಿನಂತೆ. ಹಾಗೆಯೇ ಓಡಿಸಿದ್ದರೆ ಬೇರಿಂಗು ಕಾದು ಕಚ್ಚಿಕೊಂಡು ಗಾಲಿಯೇ ಕಳಚಿಹೋಗಬಹುದಾಗಿದ್ದಿತು.

ಹೊಸ ಬೇರಿಂಗನ್ನೂ ಸೀಲನ್ನೂ ಕೂಡಿಸಿ, ಮಿಸ್ತ್ರಿಯು ನಟ್ಟನ್ನು ಬಿಗಿದು ಮತ್ತೆ ಕೊಂಚ ಸಡಿಲಿಸಿದನು. ಅತಿ ಬಿಗಿಯೂ ಬೇರಿಂಗನ್ನು ಸುಡುತ್ತದೆಯಂತೆ. ಆನೆಗೊಂದಿಯ ದಾರಿಯಲ್ಲಿ ಹುಡುಗರ ಹಾಡಿನ ನಡುವೆ ನಾವು ಕಿವಿಗೊಟ್ಟು ಆಲಿಸಿದೆವು. ಟಯರುಗಳ ಸಣ್ಣ ಮೊರೆತವಷ್ಟೇ ಇದ್ದಿತು, ಅದೂ ಮಣ್ಣಿನ ದಾರಿ ಬಂದೊಡನೆ ಬದಲಾಯಿತು.