ನೀವು ಏನು ಕೆಲಸ ಮಾಡುತ್ತಿದ್ದಿರಿ?

ಕಳೆದ ಯುಗಾದಿಯ ಕಾರ್ಯಕ್ರಮ ಮುಗಿದು ಎಲ್ಲರೂ ಎಲೆಯ ಮುಂದೆ ಕುಳಿತಿದ್ದೆವು. ಪಾಯಸ ಬಡಿಸುತ್ತಾ ಬಂದ ಹುಡುಗನಿಗೆ ನನ್ನ ಮಗಳು "ಸಾಕು" ಎಂದಳು. ಪಕ್ಕದಲ್ಲಿದ್ದ ಅವಳ ತಾತ, ಎಂದರೆ ನನ್ನ ತಂದೆ, "ಮಗು ಹಾಕು ಅಂತಿದೆ, ಹಾಕಪ್ಪಾ, ಸಂಕೋಚ ಯಾಕೆ?" ಎಂದರು. ಹುಡುಗ ಇನ್ನೊಂದು ಸೌಟು ಹಾಕಿದ. ಅವಳು ಕೈ ಅಡ್ಡ ಹಿಡಿದು ಮತ್ತೆ "ಸಾಕು, ಸಾಕು" ಎಂದಳು. "ನೋಡು, ಎರಡು ಸಲ ಕೇಳ್ತಿದೆ" ಎಂದರು ತಂದೆ. ಪಂಕ್ತಿಯೆಲ್ಲಾ ನಕ್ಕಿತು. ನಾನೂ ನಕ್ಕೆ. ಎಪ್ಪತ್ತು ದಾಟಿದೆ, ಕಿವಿ ಮಂದವಾಗಿದೆ, ಅದರಲ್ಲೇನು ವಿಶೇಷ ಎಂದುಕೊಂಡೆವು.

ಮುಂದಿನ ತಿಂಗಳು ಅವರನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋದೆ. ಪರೀಕ್ಷೆ ಮಾಡಿದ ಹೆಣ್ಣುಮಗಳು ಕಾಗದದ ಮೇಲೆ ಮೂಡಿದ ಗೆರೆಯನ್ನು ಒಂದು ಕ್ಷಣ ನೋಡಿ, ವಯಸ್ಸನ್ನು ಕೇಳುವ ಮೊದಲೇ ತಮಿಳಿನಲ್ಲಿ, "ಅಯ್ಯಾ, ನೀವು ಏನು ಕೆಲಸ ಮಾಡುತ್ತಿದ್ದಿರಿ?" ಎಂದಳು. ನನ್ನ ತಂದೆಯವರು ಅರಸೀಕೆರೆಯಿಂದ 1971ರಲ್ಲಿ ಇಲ್ಲಿಗೆ ಬಂದು, ನಮ್ಮ ಅಂಬತ್ತೂರಿನ ಕೈಗಾರಿಕಾ ವಸಾಹತಿನ ಒಂದು ಪ್ರೆಸ್ ಶಾಪಿನಲ್ಲಿ 32 ವರ್ಷ ದುಡಿದವರು. ಅಷ್ಟು ವರ್ಷಗಳಲ್ಲಿ ಅವರನ್ನು ನೋಡಿದ ಎಷ್ಟೋ ವೈದ್ಯರಲ್ಲಿ ಯಾರೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ಒಪ್ಪಿಕೊಳ್ಳುತ್ತೇನೆ, ನಾನೂ ಸರಿಯಾಗಿ ಕೇಳಿರಲಿಲ್ಲ.

ಈ ಪ್ರಶ್ನೆಗೆ ಮುನ್ನೂರು ವರ್ಷಗಳ ಇತಿಹಾಸವಿದೆ. ಇಟಲಿಯ ಬರ್ನಾರ್ಡಿನೊ ರಾಮಜ್ಜೀನಿ ಎಂಬ ವೈದ್ಯ 1700ರಲ್ಲಿ ಕೆಲಸಗಾರರ ರೋಗಗಳನ್ನು ಕುರಿತು ಒಂದು ಗ್ರಂಥ ಪ್ರಕಟಿಸಿದ. ತನ್ನ ಮನೆಯ ಮಲದ ಗುಂಡಿಯನ್ನು ಶುಚಿ ಮಾಡಲು ಬಂದವನು ಅವಸರ ಅವಸರವಾಗಿ ಕೆಲಸ ಮುಗಿಸುತ್ತಿದ್ದುದನ್ನು ಕಂಡು ಕಾರಣ ವಿಚಾರಿಸಿದ್ದೇ ಅವನ ಸಂಶೋಧನೆಗೆ ಮೊದಲಾಯಿತಂತೆ. ಹೆಚ್ಚು ಹೊತ್ತು ಗುಂಡಿಯಲ್ಲಿದ್ದರೆ ಕಣ್ಣು ಹೋಗುತ್ತದೆ ಎಂದನಂತೆ ಆ ಮನುಷ್ಯ. ರೋಗಿಯನ್ನು ಕೇಳಬೇಕೆಂದು ಹಿಪಾಕ್ರಟಿಸ್ ಹೇಳಿದ್ದ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನು ಸೇರಿಸಬೇಕು, ನಿನ್ನ ಕಸುಬು ಯಾವುದು ಎಂದು ಕೇಳಬೇಕು ಎಂದು ರಾಮಜ್ಜೀನಿ ಬರೆದ. ಇಂದು ನಾವು ಉದ್ಯೋಗ ಆರೋಗ್ಯ ಎನ್ನುವ ಇಡೀ ಶಾಸ್ತ್ರ ಆ ಒಂದು ಪ್ರಶ್ನೆಯಿಂದ ಬೆಳೆದದ್ದು.

ತಂದೆಯವರ ಕಿವಿಯ ವಿಷಯಕ್ಕೇ ಬರುತ್ತೇನೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಭಾಗವಿದೆ. ಅದರೊಳಗಿನ ಸೂಕ್ಷ್ಮ ರೋಮಕೋಶಗಳು ಶಬ್ದದ ಅಲೆಗೆ ಅಲುಗಿ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುತ್ತವೆ. ದಿನವೂ ಭಾರಿ ಸದ್ದಿನ ಹೊಡೆತ ಬಿದ್ದರೆ ಈ ಕೋಶಗಳು ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಹಾಳಾಗುವುದು 4000 ಹರ್ಟ್ಸ್‌ನ ಆಸುಪಾಸಿನ ತೀಕ್ಷ್ಣ ಸ್ವರಗಳನ್ನು ಹಿಡಿಯುವ ಭಾಗ. ಆದ್ದರಿಂದ ಪರೀಕ್ಷೆಯ ಗೆರೆ ಅಲ್ಲಿ ಒಂದು ಹಳ್ಳದ ಹಾಗೆ ಕುಸಿಯುತ್ತದೆ. ಬರೀ ವಯಸ್ಸಿನ ಕಿವುಡಾದರೆ ಗೆರೆ ಇಳಿಜಾರಿನಂತೆ ಇಳಿದು ಹೋಗುತ್ತದೆ. ಆ ಹೆಣ್ಣುಮಗಳು ಗುರುತಿಸಿದ್ದು ಆ ಹಳ್ಳವನ್ನು. ನಮ್ಮ ಮಾತಿನಲ್ಲಿ ಸ, ಶ, ಚ ಮುಂತಾದ ಅಕ್ಷರಗಳ ಸದ್ದು ಇರುವುದು ಈ ಮೇಲಿನ ಸ್ಥಾಯಿಯಲ್ಲಿಯೇ. ಆ, ಊ ಎಂಬ ಸ್ವರಗಳು ಕೆಳಗಿನವು, ಅವು ಚೆನ್ನಾಗಿ ಕೇಳಿಸುತ್ತವೆ. ಹೀಗಾಗಿ ಅಂಥವರಿಗೆ ಯಾರೋ ಮಾತನಾಡುತ್ತಿದ್ದಾರೆಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. 'ಸಾಕು' ಎನ್ನುವುದು 'ಹಾಕು' ಆಗುತ್ತದೆ.

ಭಾರತದ ಕಾರ್ಖಾನೆ ನಿಯಮಗಳು ದಿನಕ್ಕೆ ಎಂಟು ಗಂಟೆಗೆ 90 ಡೆಸಿಬಲ್ ಎಂಬ ಮಿತಿಯನ್ನು ಇಟ್ಟುಕೊಂಡು ಬಂದಿವೆ. ಅಮೆರಿಕದ ಸಂಶೋಧನಾ ಸಂಸ್ಥೆ ಶಿಫಾರಸು ಮಾಡುವುದು 85. ಐದೇ ಅಂಕಿಯ ವ್ಯತ್ಯಾಸ ಎನಿಸಬಹುದು. ಆದರೆ ಡೆಸಿಬಲ್ ಲೆಕ್ಕ ಬೇರೆ: ಮೂರು ಅಂಕಿ ಏರಿದರೆ ಶಬ್ದದ ಶಕ್ತಿ ಇಮ್ಮಡಿಯಾಗುತ್ತದೆ. ಪ್ರೆಸ್ ಶಾಪುಗಳಲ್ಲಿ 95, 100 ಅಪರೂಪವಲ್ಲ. ಕಿವಿಗೆ ಹತ್ತಿ ತುರುಕಿಕೊಂಡೇ ಕಾಲ ಕಳೆದೆವು ಎನ್ನುತ್ತಾರೆ ತಂದೆ. ಹತ್ತಿಯಿಂದ ಅಷ್ಟೇನೂ ಪ್ರಯೋಜನವಿಲ್ಲ. ಇ.ಎಸ್.ಐ. ಪರಿಹಾರಕ್ಕೆ ಅರ್ಹವಾದ ಉದ್ಯೋಗಜನ್ಯ ರೋಗಗಳ ಪಟ್ಟಿಯಲ್ಲಿ ಶಬ್ದದಿಂದ ಬರುವ ಕಿವುಡುತನವೂ ಇದೆ ಎಂಬುದು ಅವರಿಗೆ ನಿವೃತ್ತರಾಗುವವರೆಗೂ ಗೊತ್ತಿರಲಿಲ್ಲ.

ನಮ್ಮ ಕೈಗಾರಿಕಾ ವಸಾಹತು ಆರಂಭವಾದದ್ದು 1964ರಲ್ಲಿ. ಅದಕ್ಕೂ ಮುಂಚೆಯೇ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್, ಡನ್ಲಪ್ ಕಾರ್ಖಾನೆಗಳಿದ್ದವು. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಚಿಕ್ಕ ಚಿಕ್ಕ ಭಾಗಗಳನ್ನು ಒತ್ತಿ, ಕೊರೆದು, ಉಜ್ಜಿ ಕೊಡುವ ನೂರಾರು ಸಣ್ಣ ಘಟಕಗಳು ಇಲ್ಲಿ ತುಂಬಿಕೊಂಡವು. ನಮ್ಮಲ್ಲಿ ಅನೇಕರ ಮನೆಯ ಅನ್ನ ಅಲ್ಲಿಂದ ಬಂದದ್ದು.

ಇಂತಹ ಒಂದು ಘಟಕದ ಕಛೇರಿಯಲ್ಲಿ ಮದುವೆಗೆ ಮುಂಚೆ ನಾನು ಮೂರು ವರ್ಷ ಗುಮಾಸ್ತೆಯಾಗಿದ್ದೆ. ಅಪಘಾತದ ರಿಜಿಸ್ಟರ್ ಬರೆಯುವುದು ನನ್ನ ಕೆಲಸಗಳಲ್ಲೊಂದು. ದಿನಾಂಕ, ಹೆಸರು, ಗಾಯವಾದ ಅಂಗ, ಕಾರಣ ಎಂದು ಕಾಲಂಗಳು. ಕಾರಣದ ಕಾಲಂನಲ್ಲಿ ನಾನು ಬರೆಯುತ್ತಿದ್ದುದು ಸದಾ ಒಂದೇ ವಾಕ್ಯ: ಕಾರ್ಮಿಕನ ಅಜಾಗರೂಕತೆ. ಮೇಲಿನವರು ಹಾಗೆ ಹೇಳುತ್ತಿದ್ದರು, ನಾನು ದುಂಡಗೆ ಬರೆಯುತ್ತಿದ್ದೆ. ಬಲಗೈ ತೋರುಬೆರಳು, ಅಜಾಗರೂಕತೆ. ಎಡಗೈ ಎರಡು ಬೆರಳು, ಅಜಾಗರೂಕತೆ. ಮೂರು ವರ್ಷದಲ್ಲಿ ಒಮ್ಮೆಯೂ, ಇಷ್ಟೊಂದು ಜನ ಅದೇ ಎರಡು ಯಂತ್ರಗಳ ಮುಂದೆ ಮಾತ್ರ ಏಕೆ ಅಜಾಗರೂಕರಾಗುತ್ತಾರೆ ಎಂದು ನನಗೆ ಹೊಳೆಯಲಿಲ್ಲ.

ಪವರ್ ಪ್ರೆಸ್ ಎಂದರೆ ಏನೆಂದು ನಿಮ್ಮಲ್ಲಿ ಬಹಳ ಮಂದಿ ನೋಡಿರಲಾರಿರಿ. ಮೇಲಿನಿಂದ ಟನ್ನುಗಟ್ಟಲೆ ಬಲದಲ್ಲಿ ಇಳಿಯುವ ಅಚ್ಚು, ಕೆಳಗೆ ಇನ್ನೊಂದು ಅಚ್ಚು, ನಡುವೆ ತಗಡು. ತಗಡನ್ನು ಇಡುವುದೂ ತೆಗೆಯುವುದೂ ಕೈ. ಕಾಲಿನ ಪೆಡಲ್ ಒತ್ತಿದರೆ ಅಚ್ಚು ಇಳಿಯುವ ಯಂತ್ರದಲ್ಲಿ ಎರಡು ಕೈಗಳೂ ಒಳಗಿರಲು ಸಾಧ್ಯ. ಎರಡು ಕೈಗಳಿಂದಲೂ ಏಕಕಾಲದಲ್ಲಿ ಗುಂಡಿ ಒತ್ತಿದರೆ ಮಾತ್ರ ಇಳಿಯುವಂತೆ ಮಾಡಿದರೆ ಕೈಗಳು ತಾವಾಗಿ ಹೊರಗಿರುತ್ತವೆ. ಬೆಳಕಿನ ಪರದೆಯ ಸೆನ್ಸರ್ ಇದ್ದರೆ, ಬೆರಳು ಅಡ್ಡ ಬಂದ ಕೂಡಲೇ ಯಂತ್ರ ನಿಲ್ಲುತ್ತದೆ. ಇದೆಲ್ಲಾ ಎಂದೋ ಕಂಡುಹಿಡಿದದ್ದು. ಆದರೆ ಎರಡು ಗುಂಡಿ ಒತ್ತುತ್ತಾ ಕುಳಿತರೆ ಗಂಟೆಗೆ ಬೀಳುವ ತುಂಡುಗಳ ಸಂಖ್ಯೆ ಕಡಿಮೆಯಾಗುತ್ತದೆ. ಆದ್ದರಿಂದ ಒಂದು ಗುಂಡಿಯನ್ನು ಟೇಪು ಸುತ್ತಿ ಒತ್ತಿಟ್ಟುಬಿಡುವುದುಂಟು. ನಾನಿದ್ದ ಕಡೆ ಆ ಟೇಪಿನ ಬಿಲ್ಲನ್ನು ಪಾಸು ಮಾಡಿದ್ದೂ ನಾನೇ ಇರಬೇಕು.

ಹರಿಯಾಣದ ಗುರುಗ್ರಾಮ, ಮಾನೇಸರ್ ಪ್ರದೇಶದ ವಾಹನ ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಗಾಯಗೊಂಡವರನ್ನು ಸೇಫ್ ಇನ್ ಇಂಡಿಯಾ ಫೌಂಡೇಷನ್ ಎಂಬ ಸಂಸ್ಥೆ ಒಬ್ಬೊಬ್ಬರನ್ನಾಗಿ ಕಂಡು ಮಾತನಾಡಿಸಿ, 2019ರಿಂದ 'ಕ್ರಷ್ಡ್' ಎಂಬ ಹೆಸರಿನ ವರದಿಗಳನ್ನು ಹೊರತರುತ್ತಿದೆ. ಬೆರಳು ಹೋಗಲು ಮುಖ್ಯ ಕಾರಣ ಪವರ್ ಪ್ರೆಸ್ಸು ಎಂಬುದೂ, ಅನೇಕರಿಗೆ ಇ.ಎಸ್.ಐ. ಕಾರ್ಡು ಕೈಗೆ ಬಂದದ್ದು ಅಪಘಾತ ಆದ ಮೇಲೆಯೇ ಎಂಬುದೂ ಅವುಗಳಿಂದ ತಿಳಿಯುತ್ತದೆ. ಊರು ಬೇರೆ, ಭಾಷೆ ಬೇರೆ. ಓದುವಾಗ ನನಗೆ ನನ್ನ ರಿಜಿಸ್ಟರನ್ನೇ ಯಾರೋ ತಿದ್ದಿ ಬರೆದ ಹಾಗೆ ಅನಿಸಿತು.

ಬೆರಳಿನ ಗಾಯವಾದರೂ ಕಣ್ಣಿಗೆ ಕಾಣುತ್ತದೆ. ಸೆಖೆ ಕಾಣುವುದಿಲ್ಲ, ಮದರಾಸಿನಲ್ಲಿ ಅದನ್ನು ಅಪಾಯವೆಂದು ಯಾರೂ ಎಣಿಸುವುದೂ ಇಲ್ಲ. ಆದರೆ ಈ ವಿಷಯದಲ್ಲಿ ಗಮನಾರ್ಹ ಸಂಶೋಧನೆ ನಡೆದಿರುವುದು ನಮ್ಮ ಪಕ್ಕದಲ್ಲಿಯೇ, ಪೋರೂರಿನ ಶ್ರೀ ರಾಮಚಂದ್ರ ಸಂಸ್ಥೆಯಲ್ಲಿ. ಅಲ್ಲಿನ ವಿದ್ಯಾ ವೇಣುಗೋಪಾಲ್ ಮತ್ತು ಅವರ ತಂಡ ದೇಶದ 18 ಕೆಲಸದ ಜಾಗಗಳಲ್ಲಿ 442 ಕಾರ್ಮಿಕರನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಬೇಸಿಗೆಯಲ್ಲಿ ನೂರಕ್ಕೆ 82 ಮಂದಿ ಸುರಕ್ಷಿತ ಮಿತಿಯನ್ನು ಮೀರಿದ ಶಾಖದಲ್ಲಿ ದುಡಿಯುತ್ತಿದ್ದರು. ತಂಪಿನ ಕಾಲದಲ್ಲೂ ನೂರಕ್ಕೆ 42 ಮಂದಿ!

ಈ ಶಾಖವನ್ನು ಅಳೆಯುವ ವಿಧಾನ ಸ್ವಾರಸ್ಯವಾಗಿದೆ. ಒಂದು ಥರ್ಮಾಮೀಟರಿಗೆ ಒದ್ದೆ ಬಟ್ಟೆ ಸುತ್ತುತ್ತಾರೆ, ಇನ್ನೊಂದನ್ನು ಕಪ್ಪು ಬಣ್ಣದ ತಾಮ್ರದ ಗೋಳದೊಳಗೆ ಇಡುತ್ತಾರೆ. ಸೂರಿನ ಕೆಳಗಿನ ಕೆಲಸವಾದರೆ ಒದ್ದೆ ಬಟ್ಟೆಯದಕ್ಕೆ ಹತ್ತರಲ್ಲಿ ಏಳು ಪಾಲು, ಕುಲುಮೆಯ ಕಾವನ್ನು ಹೀರುವ ಗೋಳಕ್ಕೆ ಮೂರು ಪಾಲು. ಒದ್ದೆ ಬಟ್ಟೆಗೆ ಅಷ್ಟು ಮಾನ್ಯತೆ ಏಕೆ? ರಾಯಚೂರಿನ ಒಣ ಬಿಸಿಲಿನಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಾಗುತ್ತದೆ. ಮದರಾಸಿನ ತೇವದ ಗಾಳಿಯಲ್ಲಿ ಅಷ್ಟಾಗಿ ಆಗುವುದಿಲ್ಲ, ಏಕೆಂದರೆ ಹೂಜಿ ಬೆವರಿದರೂ ಆ ಬೆವರು ಆರುವುದಿಲ್ಲ. ಮನುಷ್ಯನ ದೇಹವೂ ಹೂಜಿಯೇ. ಬೆವರು ಆರದಿದ್ದರೆ ಒಳಗಿನ ಶಾಖ ಏರುತ್ತದೆ, ನೀರು ಬತ್ತಿ ಮೂತ್ರಪಿಂಡಕ್ಕೆ ಭಾರ ಬೀಳುತ್ತದೆ. ಶೌಚಾಲಯ ಇಲ್ಲದ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟುಬಿಡುತ್ತಾರೆ ಎಂಬುದನ್ನೂ ಈ ತಂಡ ಬರೆದಿದೆ. ಇದಕ್ಕೆ ಸಂಶೋಧನೆ ಬೇಕಿತ್ತೇ, ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು ಎನ್ನಬಹುದು. ಕೇಳಿದವರು ಇವರೇ ಮೊದಲಿಗರಿರಬೇಕು! ಇವರು ತಮಿಳುನಾಡಿನ 800 ಗರ್ಭಿಣಿಯರನ್ನು 2017ರಿಂದ ಅನುಸರಿಸಿ ನಡೆಸಿದ ಅಧ್ಯಯನದಲ್ಲಿ, ಅತಿ ಶಾಖದಲ್ಲಿ ದುಡಿದವರಿಗೆ ಗರ್ಭ ನಷ್ಟವಾಗುವ ಸಂಭವ ಸುಮಾರು ಎರಡರಷ್ಟು ಎಂದು ಕಂಡುಬಂತು.

ಇನ್ನು ಧೂಳು. ಇದರಲ್ಲಿ ಕನ್ನಡನಾಡಿನದೇ ಒಂದು ಅಧ್ಯಾಯವಿದೆ. ಕಲ್ಲನ್ನು ಕೊರೆದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕಲೆಗಟ್ಟಿಸಿ ಉಸಿರನ್ನು ಕಟ್ಟುವ ಸಿಲಿಕೋಸಿಸ್ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು 1940ರ ದಶಕದಲ್ಲಿ, ಕೋಲಾರದ ಚಿನ್ನದ ಗಣಿಗಳಿಂದ ಎಂದು ವೈದ್ಯಕೀಯ ವಿದ್ಯಾರ್ಥಿಗಳ ಪಠ್ಯದಲ್ಲಿಯೇ ಇದೆ. ಅಲ್ಲಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ದುಡಿದವರಲ್ಲಿ ಬಹುಪಾಲು ಇದೇ ತಮಿಳು ಜಿಲ್ಲೆಗಳಿಂದ ಹೋದವರು. ಅವರು ನಮ್ಮೂರಿಗೆ ಹೋಗಿ ಧೂಳು ಕುಡಿದರು, ನಮ್ಮವರು ಇವರ ಊರಿಗೆ ಬಂದು ಕಿವಿ ಕಳೆದುಕೊಂಡರು. ಗಣಿ 2001ರಲ್ಲಿ ಮುಚ್ಚಿತು. ಈ ರೋಗಕ್ಕೆ ಮಾತ್ರ ಇಂದಿಗೂ ಗುಣಪಡಿಸುವ ಮದ್ದಿಲ್ಲ. ಕೊರೆಯುವಾಗ ನೀರು ಹಾಯಿಸಿ ಧೂಳನ್ನು ಅಡಗಿಸುವುದು ಅದನ್ನು ತಡೆಯುವ ಒಂದು ದಾರಿ. ಮರಳಿನ ಅಚ್ಚು ಬಳಸುವ ಎರಕದ ಮನೆಗಳಲ್ಲೂ ಇದೇ ಧೂಳು ಇರುತ್ತದೆ.

ಅಹಮದಾಬಾದಿನಲ್ಲಿ 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಉದ್ಯೋಗ ಆರೋಗ್ಯ ಸಂಸ್ಥೆ ಇಂತಹ ರೋಗಗಳ ಸಂಶೋಧನೆಗೆಂದೇ ಇದೆ. ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವನ್ನು 1977ರಲ್ಲಿ ಬೆಂಗಳೂರಿನಲ್ಲಿ ತೆರೆದರು. ಆದರೆ ಎಂತಹ ಸಂಸ್ಥೆಗೂ ಒಂದು ತೊಡಕಿದೆ. ಕಾರ್ಖಾನೆಗೆ ಹೋಗಿ ಅಲ್ಲಿರುವವರನ್ನು ಪರೀಕ್ಷಿಸಿದರೆ ಎಲ್ಲರೂ ಸಾಕಷ್ಟು ಗಟ್ಟಿಯಾಗಿಯೇ ಕಾಣುತ್ತಾರೆ. ಕಾಯಿಲೆ ಬಿದ್ದವರು ಕೆಲಸ ಬಿಟ್ಟು ಊರು ಸೇರಿರುತ್ತಾರಲ್ಲ! ಇದನ್ನು ವಿಜ್ಞಾನಿಗಳು 'ಆರೋಗ್ಯವಂತ ಕಾರ್ಮಿಕ ಪರಿಣಾಮ' ಎಂದು ಕರೆಯುತ್ತಾರೆ. ಗುತ್ತಿಗೆಯವರ ಹೆಸರು ಹಾಜರಿ ಪುಸ್ತಕದಲ್ಲಿಯೇ ಇರುವುದಿಲ್ಲ. ಧೂಳಿನ ರೋಗ, ಕಿವಿಯ ದೋಷ ಎದ್ದು ಕಾಣುವಷ್ಟರಲ್ಲಿ ಹತ್ತಿಪ್ಪತ್ತು ವರ್ಷ ಕಳೆದಿರುತ್ತದೆ, ಕಂಪನಿಯ ಬೋರ್ಡು ಬದಲಾಗಿರುತ್ತದೆ. ಹೀಗೆ ಲೆಕ್ಕಕ್ಕೆ ಸಿಗದವರೆಲ್ಲ ಇರುವುದು ಮನೆಗಳಲ್ಲಿ, ನಮ್ಮ ನಿಮ್ಮ ತಾತಂದಿರಾಗಿ, ದೊಡ್ಡಪ್ಪಂದಿರಾಗಿ.

ಯುವ ಮಿತ್ರರೇ, ನಿಮ್ಮಲ್ಲಿ ಕೆಲವರು ಇಂದು ಅದೇ ವಸಾಹತಿನಲ್ಲಿ ಎದ್ದಿರುವ ಗಾಜಿನ ಕಟ್ಟಡಗಳಲ್ಲಿ, ತಣ್ಣನೆಯ ಕೋಣೆಗಳಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದೀರಿ. ಕುತ್ತಿಗೆ, ಮಣಿಕಟ್ಟು, ರಾತ್ರಿ ಪಾಳಿಯ ನಿದ್ದೆ, ಇವು ನಿಮ್ಮ ಪಾಲಿನವು. ಅದರ ಬಗ್ಗೆ ಬರೆಯಲು ನನಗಿಂತ ನೀವೇ ಅರ್ಹರು. ನನ್ನ ಕೋರಿಕೆ ಬೇರೆ. ಮನೆಯ ಹಿರಿಯರನ್ನು ವೈದ್ಯರ ಬಳಿ ಕರೆದೊಯ್ಯುವಾಗ, ಅವರು ಎಲ್ಲಿ, ಯಾವ ಯಂತ್ರದ ಮುಂದೆ, ಎಷ್ಟು ವರ್ಷ ಇದ್ದರೆಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ವೈದ್ಯರು ಕೇಳದಿದ್ದರೂ ನೀವೇ ಮುಂದಿಡಿ. ಕೆಮ್ಮಿನ ಹಿಂದೆ ಎರಕದ ಮನೆ ಇದ್ದೀತು, ಕೈನಡುಕದ ಹಿಂದೆ ಗ್ರೈಂಡಿಂಗ್ ಯಂತ್ರ ಇದ್ದೀತು.

ನನ್ನ ಮಗಳು ಹಾಗೆ ಒಂದು ನೋಟ್‌ಬುಕ್ ಹಿಡಿದು ತಾತನ ಎದುರು ಕುಳಿತಳು. ಈಗ ಕಿವಿಗೆ ಯಂತ್ರ ಬಂದಿದೆ, ಆದರೂ ಪ್ರಶ್ನೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದಳು. ಮೂರು ಮಾತಿನಲ್ಲಿ ಮುಗಿಸುವವರು ಅಂದು ಒಂದೂವರೆ ಗಂಟೆ ಮಾತನಾಡಿದರು. ಯಾವ ಪ್ರೆಸ್ಸು ತಾನಾಗಿಯೇ ಎರಡನೆಯ ಸಲ ಇಳಿಯುತ್ತಿತ್ತು, ಅದರ ಹತ್ತಿರ ಹೊಸಬರನ್ನು ಬಿಡಬಾರದೆಂದು ಇವರು ಹೇಗೆ ನೋಡಿಕೊಳ್ಳುತ್ತಿದ್ದರು, ಸೈರನ್ ಆದ ಮೇಲೂ ಬಸ್ಸಿನಲ್ಲಿ ಕಿವಿಯೊಳಗೆ ಹೇಗೆ ಗುಂಯ್ ಎನ್ನುತ್ತಿತ್ತು, ಎಲ್ಲಾ. ಬೆರಳು ಕಳೆದುಕೊಂಡವರ ಹೆಸರುಗಳನ್ನು ತಮ್ಮ ಬೆರಳು ಮಡಿಸಿ ಎಣಿಸಿದರು. ಆರನೆಯವರ ಹೆಸರು ನೆನಪಾಗದೆ ಅಡುಗೆಮನೆಯ ಕಡೆ ತಿರುಗಿ ಅಮ್ಮನನ್ನು ಕೇಳಿದರು. ಅಮ್ಮನಿಗೆ ನೆನಪಿತ್ತು. ಅವರ ಹೆಂಡತಿಯ ಹೆಸರೂ ನೆನಪಿತ್ತು.